ಅಲ್ಲಿ ಬೆರಳು, ಇಲ್ಲಿ ಮೊಳ

ನಮ್ಮೂರಿನಲ್ಲಿ ಒಬ್ಬ ನೆಂಟನ ಬೆಲೆ ಒಂದು ಮೊಳ. ನನ್ನದರಂಥ ಸಣ್ಣ ಮನೆಗೆ ಮೈಕೈ ತುಂಬಿಕೊಂಡ ಆಳೊಬ್ಬ ಬಂದು ಕೂತರೆ ಮನೆ ಒಂದು ಮೊಳ ಕೆಳಗಿಳಿಯುತ್ತದೆ, ಎದ್ದು ಹೋದರೆ ಒಂದು ಮೊಳ ಮೇಲೇರುತ್ತದೆ. ಪಲ್ಲ ರಾಗಿಗೆ ಒಂದೂವರೆ ಮೊಳ. ಹೊಸ ಒರಳುಕಲ್ಲಿಗೆ ಮುಕ್ಕಾಲು. ಮೇಕೆಯೊಂದಕ್ಕೆ ಕಾಲು ಮೊಳ ಇಟ್ಟುಕೊಳ್ಳಿ, ಗಬ್ಬವಾಗಿದ್ದರೆ ಮೇಲೆರಡು ಬೆರಳು; ಇಪ್ಪತ್ನಾಲ್ಕು ಬೆರಳಿಗೆ ಒಂದು ಮೊಳ. ಈ ಲೆಕ್ಕ ಹಾಕದೆ ನಾವು ಒಂದು ಕೊಡ ನೀರನ್ನೂ ಒಳಗೆ ತರುವುದಿಲ್ಲ. ತಂದಷ್ಟೇ ತೂಕದ ಕಲ್ಲನ್ನು ಹೊರಗಿಟ್ಟು ಹೊಸಿಲನ್ನು ಬೀದಿಯ ಮಟ್ಟಕ್ಕೆ ನಿಲ್ಲಿಸಿಕೊಳ್ಳುತ್ತೇವೆ. ಅದಕ್ಕೇ ಎಲ್ಲರ ಬಾಗಿಲ ಪಕ್ಕದಲ್ಲೂ ಗುಂಡುಕಲ್ಲುಗಳ ಗುಡ್ಡೆ ಇರುತ್ತದೆ.

ದೊಡ್ಡ ಮನೆಯ ಬೆಲೆಯೇ ಬೇರೆ. ನನ್ನ ಮನೆಗೆ ಜೋಡಿಯಾದದ್ದು ಬೀದಿಯ ಎದುರು ಬದಿಯ ಚನ್ನಿಗರಾಯರ ಮನೆ. ಎರಡೂ ಮನೆ ನಿಂತಿರುವುದು ಎಣ್ಣೆ ತುಂಬಿದ ಬಾವಿಗಳಲ್ಲಿ ಮುಳುಗಿರುವ ಕಂಬಗಳ ಮೇಲೆ. ಆ ಬಾವಿಯಿಂದ ಈ ಬಾವಿಗೆ ನೆಲದಡಿಯಲ್ಲಿ ಕೊಳವೆ. ನನ್ನ ಕಂಬ ನಾಲ್ಕು ಚಾಪೆ ಹಾಸುವಷ್ಟು ಅಗಲ. ಅವರದು ಅಂಥ ಇಪ್ಪತ್ನಾಲ್ಕು ಕಂಬ ಸೇರಿಸಿದಷ್ಟು. ಆದ್ದರಿಂದ ಅವರ ಮನೆಗೆ ಇಪ್ಪತ್ನಾಲ್ಕು ಜನ ಬಂದರೆ ಅದು ಇಳಿಯುವುದು ಒಂದೇ ಬೆರಳು. ಆ ಒಂದು ಬೆರಳು ಕೊಳವೆಯಲ್ಲಿ ಹರಿದು ಬಂದು ನನ್ನ ಮನೆಯನ್ನು ಒಂದು ಮೊಳ ಎತ್ತುತ್ತದೆ. ಅಲ್ಲಿ ಬೆರಳು, ಇಲ್ಲಿ ಮೊಳ. ಅವರ ಲೋಟದ ಕಾಫಿ ಅಲುಗುವುದಿಲ್ಲ. ನನ್ನ ಒಲೆಯ ಮೇಲಿನ ಗಡಿಗೆ ಜರುಗುತ್ತದೆ.

ಅವರ ಮನೆಗೆ ಒಬ್ಬರೇ ಬಂದರೂ ನಾನು ಒಂದು ಬೆರಳು ಏರುತ್ತೇನೆ. ಮಲಗಿದ್ದರೂ ಬೆನ್ನಿಗೆ ಗೊತ್ತಾಗುತ್ತದೆ. ಅವರ ದೊಡ್ಡ ಮಗ ಜಗಳ ಆಡಿ ಮನೆ ಬಿಟ್ಟ ದಿನ, ಅವನು ಹೆಬ್ಬಾಗಿಲು ದಾಟಿದ್ದು ಅವರಿಗಿಂತ ಮೊದಲು ತಿಳಿದದ್ದು ನನಗೆ. ಈ ಏರಿಳಿತದ ತೊಂದರೆಗೆಂದು ದೊಡ್ಡ ಮನೆಯವರು ಸುಗ್ಗಿಯಲ್ಲಿ ನಮಗೆ ನಾಲ್ಕು ಪಲ್ಲ ರಾಗಿ ಅಳೆಯುವುದು ತಲೆತಲಾಂತರದಿಂದ ನಡೆದು ಬಂದದ್ದು. ಗಂಡ ಹೋದ ಮೇಲೆ ನಾನು ಬದುಕಿದ್ದು ಅದರಲ್ಲೇ.

ದೊಡ್ಡ ಮನೆಯಲ್ಲಿ ಊಟ ಕಾರ್ಯ ಇದ್ದಾಗ ಇನ್ನೊಂದು ಕಟ್ಟಳೆ ಇದೆ. ಅವರು ಎಲೆ ಹಾಕುವುದೇ ಸಾಲಿಗೆ ಇಪ್ಪತ್ನಾಲ್ಕು. ಒಂದು ಸಾಲಿಗೆ ಒಬ್ಬನಂತೆ ಆಳುಗಳನ್ನು ನಮ್ಮಂಥ ಸಣ್ಣ ಮನೆಗೆ ಕಳಿಸುತ್ತಾರೆ. ಇವರನ್ನು ಕೂರುವವರು ಎನ್ನುತ್ತೇವೆ. ಅವರ ಕೆಲಸ ಸುಮ್ಮನೆ ಕೂರುವುದು. ಅಲ್ಲಿ ಹತ್ತು ಸಾಲು ಉಂಡು ಏಳುವ ತನಕ ಇಲ್ಲಿ ಹತ್ತು ಜನ ಅಲ್ಲಾಡದೆ ಕೂತಿದ್ದರೆ ಎರಡು ಮನೆಯೂ ಮಟ್ಟ. ಕಲ್ಲೇ ತುಂಬಿಸಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಕಲ್ಲನ್ನು ಯಾರಾದರೂ ಹೊತ್ತು ತರಬೇಕು, ಹೊತ್ತು ಹೋಗಬೇಕು. ಮನುಷ್ಯ ತಾನೇ ನಡೆದು ಬರುತ್ತಾನೆ. ಕೂರುವವರಿಗೆ ಊಟ ಅವರು ಕೂತಲ್ಲಿಗೇ ಹೋಗಬೇಕು, ಅದೂ ಬಿಸಿಯಾಗಿ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯಬೇಕೆಂದು ಯಾರಿಗೂ ತೋರಿರಲಿಲ್ಲ.

ಚನ್ನಿಗರಾಯರು ಕಿರಿಮಗನ ಮದುವೆಯ ಬೀಗರ ಊಟ ಇಟ್ಟುಕೊಂಡ ವಾರ ನನ್ನ ಮಗಳು ಹೊಂಬಾಳೆ ಬಾಣಂತನಕ್ಕೆ ಬಂದಿದ್ದಳು. ಚೊಚ್ಚಲು. ಅಳಿಯ ಉಪ್ಪಿನ ಗಾಡಿ ಹೊಡೆದುಕೊಂಡು ದೂರದೂರಿಗೆ ಹೋಗಿದ್ದ. ತಿಂಗಳು ತುಂಬಿ ಎರಡು ದಿನ ಹೆಚ್ಚೇ ಆಗಿತ್ತು. ಊಟದ ಹಿಂದಿನ ದಿನ ನಾನು ದೊಡ್ಡ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತೆ.

"ಯಜಮಾನ್ರೇ, ಮಗಳು ದಿನ ತುಂಬ್ಕಂಡು ಕುಂತವ್ಳೆ. ನಾಳೆ ವಸಿ ಜ್ವಾಕೆ."

ಚನ್ನಿಗರಾಯರು ಚಪ್ಪರದ ಗಳುಗಳನ್ನು ಎಣಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕೆಂಬ ಹಟದಲ್ಲಿ ಯಾವುದನ್ನೂ ಪೂರ್ತಿ ನೋಡುತ್ತಿರಲಿಲ್ಲ.

"ಹತ್ತು ಸಾಲು, ಹತ್ತಾಳು. ನಿನ್ ಮನೆ ಒಂದ್ ಬೆರಳು ಅಲ್ಲಾಡಿದ್ರೆ ನನ್ನ ಕೇಳು ಕಣ್ ದೇವೀರಿ," ಎಂದರು. "ಬೀಗರು ಬಯಲುಸೀಮೆಯೋರು. ಅವರೂರಲ್ಲಿ ಮನೆ ನೆಲದ ಮೇಲೇ ಇರ್ತವಂತೆ. ಅವರ ಮುಂದೆ ನಮ್ಮೂರ ಮಾನ ಹೋಗಬಾರದು, ನನಗೂ ಅದೇ ಕಾಳಜಿ."

ಮಾರನೆಯ ದಿನ ಹೊತ್ತೇರುವಷ್ಟರಲ್ಲಿ ಬೀಗರ ಗಾಡಿಗಳು ಬರತೊಡಗಿದವು. ಸಾಲಿಗೊಬ್ಬನಂತೆ ಕೂರುವವರೂ ನಮ್ಮ ಮನೆಗೆ ಬಂದರು. ಐವರು ಮುಂದಿನ ಜಗಲಿಯಲ್ಲಿ, ಐವರು ಹಿಂದಿನ ಜಗಲಿಯಲ್ಲಿ. ಹಾಗೆ ಸಮ ಕೂತರೆ ಮನೆ ವಾಲುವುದಿಲ್ಲ. ನಡುವೆ ನಮ್ಮ ಒಂದೇ ಕೋಣೆ, ಎರಡೂ ಕಡೆ ಬಾಗಿಲು. ಮುಂದಿನವರ ಮುಖಂಡ ಬೋರಲಿಂಗ. ಒಂದೂವರೆ ಆಳಿನ ತೂಕ ಇದ್ದುದರಿಂದ ಅವನಿಗೆ ಎಲ್ಲ ಊಟಗಳಲ್ಲೂ ಕರೆ. ಹಿಂದಿನ ಜಗಲಿಯಲ್ಲಿ ನಮ್ಮ ದೂರದ ನೆಂಟ ಸಿದ್ದನಂಜ.

"ಅಕ್ಕ, ನನ್ನ ಒಬ್ಬನೇ ಎರಡು ಲೆಕ್ಕ ಹಿಡ್ಕಳಿ ಅಂದ್ರೆ ಯಜಮಾನ್ರು ಒಪ್ಪಾಕಿಲ್ಲ," ಎಂದು ಬೋರಲಿಂಗ ಗೋಡೆಗೆ ಒರಗಿದ. "ಕೂಲಿ ಕೊಡಾಗ ಮಾತ್ರ ತಲೆ ಎಣಿಸ್ತಾರೆ, ಹೊಟ್ಟೆ ಎಣಿಸಾಕಿಲ್ಲ."

"ಮುದ್ದೆ ಬರಲಿ ಇರು, ಆಗ ನೀನೇ ಎಣಿಸ್ಕತೀಯ," ಎಂದೆ.

ಎದುರು ಮನೆಯಿಂದ ಮಟನ್ ಸಾರಿನ ವಾಸನೆ ಬೀದಿ ತುಂಬ ಹರಡಿತ್ತು. ಹತ್ತು ಜನರೂ ಮೂಗನ್ನು ಅತ್ತ ಇಟ್ಟು ಬಾಯಲ್ಲಿ ಬೇರೇನೋ ಮಾತಾಡುತ್ತಿದ್ದರು. ಅಷ್ಟರಲ್ಲಿ ಒಳಗಿಂದ ಹೊಂಬಾಳೆ ಕರೆದಳು. ಕರೆದ ದನಿಯಲ್ಲೇ ನನಗೆ ತಿಳಿಯಿತು. ಒಳಗೆ ಹೋದರೆ ಅವಳು ಕೋಣೆಯ ಕಂಬ ಹಿಡಿದು ನಿಂತಿದ್ದಾಳೆ, ಕಾಲ ಬುಡದಲ್ಲಿ ನೆಲ ಒದ್ದೆ.

ಅವಳನ್ನು ಚಾಪೆಯ ಮೇಲೆ ಕೂರಿಸಿ ಹೊರಗೆ ಬಂದೆ. ನಾನು ಹೋದರೆ ಮನೆ ಒಂದು ಮೊಳ ಏರುತ್ತದೆ. ಅದು ದಿನದ ಮಾತು, ಹೊಸಿಲಿನಿಂದ ಎರಡು ಮೊಳದ ನೂಲೇಣಿ ಯಾವಾಗಲೂ ನೇತಾಡುತ್ತಿರುತ್ತದೆ. ಆದರೂ ಬೋರಲಿಂಗನಿಗೆ ಹೇಳಿದೆ.

"ಬೋರ, ನಾನು ತೊಳಸಕ್ಕನ ಕರ್ಕಬತ್ತೀನಿ. ಯಾರೂ ಏಳಬ್ಯಾಡಿ."

"ಓಗಕ್ಕ, ನಾವಿದ್ದೀವಿ," ಎಂದ. ಹಿಂದಿನ ಜಗಲಿಯಿಂದ ಸಿದ್ದನಂಜನೂ, "ನಾವಿದ್ದೀವಿ ಕಣತ್ತೆ," ಎಂದು ಕೂಗಿದ. ಇಬ್ಬರೂ ಮನಸ್ಸಿನಿಂದಲೇ ಹೇಳಿದರು. ಆ ಮಾತನ್ನು ನಾನು ಈಗಲೂ ಅನುಮಾನಿಸುವುದಿಲ್ಲ.

ಸೂಲಗಿತ್ತಿ ತೊಳಸಮ್ಮ ಮನೆಯಲ್ಲಿರಲಿಲ್ಲ. ಇಟ್ಟಿಗೆ ಗೂಡಿನ ಕಡೆ ಯಾರದೋ ಮಗುವಿಗೆ ದೃಷ್ಟಿ ತೆಗೆಯಲು ಹೋಗಿದ್ದಾಳೆಂದು ಅವಳ ಸೊಸೆ ಹೇಳಿದಳು. ಅಲ್ಲಿಗೆ ಓಡಿದೆ. ಅವಳು ಕೈ ತೊಳೆದು, ಚೀಲ ಹುಡುಕಿ, ಮಂಡಿ ಹಿಡಿದುಕೊಂಡು ಹೊರಡುವಷ್ಟರಲ್ಲಿ ನಾನು ಎರಡು ಸಲ ಓಣಿಯ ತುದಿಗೆ ಹೋಗಿ ಬಂದಿದ್ದೆ.

ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರ ಬಾಯಲ್ಲಿ ಕೇಳಿ ಜೋಡಿಸಿಕೊಂಡಿದ್ದೇನೆ. ಬೀಗರು ಹೆಚ್ಚು, ಬಡಿಸುವವರು ಕಡಿಮೆ. ಅಡಿಗೆಯ ಉಸ್ತುವಾರಿ ನೋಡುತ್ತಿದ್ದ ಮರಿಗುದ್ದಯ್ಯ, ಹತ್ತು ಜನರ ಊಟ ಹೊತ್ತುಕೊಂಡು ಬೀದಿ ದಾಟಲು ಆಳಿಲ್ಲವೆಂದು ಹೇಳಿದ. ಚನ್ನಿಗರಾಯರು ಬೀಗರಿಗೆ ಕೈಮುಗಿಯುತ್ತಲೇ, "ಹನ್ನೊಂದನೇ ಸಾಲು ಹಾಕು, ಬಂದು ಉಂಡು ಹೋಗ್ಲಿ," ಎಂದರು. ಮರಿಗುದ್ದಯ್ಯ ಮೊದಲು ನಮ್ಮ ಮುಂದಿನ ಜಗಲಿಗೆ ಬಂದ. ಒಳಗೆ ಹೆಣ್ಣುಮಗಳು ನರಳುತ್ತಿದ್ದಳು, ಹೊರಗೆ ಐದು ಜನ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಹೆರುವ ಕೋಣೆಯ ಬಾಗಿಲಲ್ಲಿ ಕೂರುವುದು ಅವರಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಹಿಂದಿನ ಜಗಲಿಯಲ್ಲಿ ಐದು ಜನ ಇದ್ದಾರಲ್ಲ, ಗಬಗಬ ಉಂಡು ಬಂದರಾಯಿತು, ಮನೆ ಏರಿದರೂ ಎಷ್ಟು ಏರೀತು ಎಂದುಕೊಂಡು ಐವರೂ ಎದ್ದರು. ನಮ್ಮ ಎಣ್ಣೆ ಮಂದ. ಒಂದು ಮೊಳ ಏರಬೇಕಾದರೆ ಎಲೆ ಅಡಿಕೆ ಹಾಕಿಕೊಂಡು ಜಗಿದು ಉಗಿಯುವಷ್ಟು ಹೊತ್ತು ಬೇಕು.

ಮರಿಗುದ್ದಯ್ಯ ಆಮೇಲೆ ಓಣಿ ಸುತ್ತಿಕೊಂಡು ಹಿಂದಿನ ಜಗಲಿಗೆ ಹೋದ. ಅಲ್ಲಿಯ ಐವರೂ ಅದೇ ನರಳಾಟ ಕೇಳುತ್ತಿದ್ದರು. ಮುಂದೆ ಬೋರಲಿಂಗ ಇದ್ದಾನಲ್ಲ, ಅವನೊಬ್ಬನೇ ಒಂದೂವರೆ ಆಳು ಎಂದುಕೊಂಡು ಅವರೂ ಎದ್ದರು. ಮರಿಗುದ್ದಯ್ಯನಿಗೆ ಎರಡೂ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಇದ್ದದ್ದು ಮೂಳೆ ಸಾರು ಸಾಲುತ್ತದೋ ಇಲ್ಲವೋ ಎಂಬುದು ಮಾತ್ರ.

ನಾನು ತೊಳಸಮ್ಮನ ಕೈ ಹಿಡಿದು ನಮ್ಮ ಬೀದಿಗೆ ತಿರುಗಿದಾಗ ಮೊದಲು ಕಂಡದ್ದು ನನ್ನ ಮನೆಯ ತಳ. ಹುಟ್ಟಿದಾರಭ್ಯ ನಾನು ಆ ತಳವನ್ನು ನೋಡಿರಲಿಲ್ಲ. ಎಣ್ಣೆ ಸುರಿಯುವ ಕರಿ ಕಂಬ ನೆಲದಿಂದ ಎದ್ದು ನಿಂತಿತ್ತು, ಅದರ ಮೇಲೆ ನನ್ನ ಮನೆ, ಪಕ್ಕದ ಬೇವಿನ ಮರದ ನಡುಕೊಂಬೆಗೆ ಸಮನಾಗಿ. ನೂಲೇಣಿ ನನ್ನ ತಲೆಗಿಂತ ಎಷ್ಟೋ ಮೇಲೆ ಗಾಳಿಗೆ ತೂಗುತ್ತಿತ್ತು. ಏಳು ಮೊಳ ಆಗಿತ್ತು. ಇನ್ನೂ ಏರುತ್ತಿತ್ತು.

"ಹೊಂಬಾಳೇ!"

"ಅವ್ವಾ," ಎಂದಳು. ಮೇಲಿಂದ ಬಂದ ದನಿ ಸಣ್ಣದಾಗಿತ್ತು. "ಅವ್ವಾ, ಯಾರೂ ಇಲ್ಲ. ಕಿಟಕೀಲಿ ಬರೀ ಆಕಾಶ ಕಾಣ್ತದೆ."

ಹತ್ತು ಜನ ಹೋದದ್ದಕ್ಕೆ ಹತ್ತು ಮೊಳ, ನಾನು ಹೋದದ್ದಕ್ಕೆ ಒಂದು, ಆ ಹತ್ತು ಜನ ದೊಡ್ಡ ಮನೆಯೊಳಗೆ ಹೊಕ್ಕಿದ್ದಕ್ಕೆ ಮತ್ತೆ ಹತ್ತು ಬೆರಳು. ಹನ್ನೊಂದು ಮೊಳ ದಾಟುತ್ತದೆ. ನನ್ನ ಕಂಬದ ಉದ್ದ ಹದಿನಾಲ್ಕು. ಅದರ ತಳಕ್ಕೆ ತೊಗಲಿನ ಬಳೆ ಇದೆ. ಅದು ಬಾವಿಯ ಬಾಯಿ ದಾಟಿದರೆ ಎಣ್ಣೆ ಚಿಮ್ಮಿ ಮನೆ ಒಂದೇ ಸಲಕ್ಕೆ ಕೆಳಗೆ. ಕಿತ್ತಳೆ ತೋಟದ ಬೀದಿಯಲ್ಲಿ ಹಾಗೆ ಬಿದ್ದ ಮನೆಯ ಜಾಗದಲ್ಲಿ ಈಗಲೂ ಯಾರೂ ಕಟ್ಟಿಲ್ಲ. ಬೀಗರ ಕಡೆಯ ತಡವಾದ ಗಾಡಿಗಳು ಇನ್ನೂ ಬರುತ್ತಿದ್ದವು. ಗಾಡಿಗೆ ಹತ್ತು ಜನವೆಂದರೂ ಎಷ್ಟು ಗಾಡಿಗೆ ಎಷ್ಟು ಮೊಳ ಎಂದು ಲೆಕ್ಕ ಹಾಕಲು ನನ್ನ ತಲೆ ಒಪ್ಪಲಿಲ್ಲ.

ತೊಳಸಮ್ಮ ಕಂಬದ ಬುಡದಲ್ಲಿ ನಿಂತು ಸೆರಗು ಬಿಗಿದಳು. ಎಪ್ಪತ್ತರ ಹತ್ತಿರದ ಹೆಂಗಸು. ಬಾವಿಯ ದಂಡೆ ಹಿಡಿದು ಕತ್ತೆತ್ತಿ ಕೂಗಿದಳು:

"ಮಗಾ, ನಾನು ತೊಳಸಿ ಬಂದಿವ್ನಿ! ಮಂಡಿ ಊರ್ಕಂಡು ಕೂರು! ಮಲಗಬ್ಯಾಡ! ಕಂಬ ಹಿಡ್ಕ! ನೋವು ಬಂದಾಗ ಮಾತ್ರ ತಿಣುಕು, ಸುಮ್ ಸುಮ್ಕೆ ತಿಣುಕಬ್ಯಾಡ!" ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ದೇವೀರಿ, ಚೊಚ್ಚಲು. ಬಾಯಲ್ಲಿ ಹೇಳಿ ಎಷ್ಟೊತ್ತು ತಡೆಯಾನ? ನನ್ನ ಕೈ ಅಲ್ಲಿರಬೇಕು. ಹೋಗು, ಆ ಮನೆ ಖಾಲಿ ಮಾಡ್ಸು," ಎಂದಳು.

ನಾನು ಓಡಿದೆ.

ಹೆಬ್ಬಾಗಿಲ ಒಳಗಿನ ಚಪ್ಪರದಲ್ಲಿ, ಹಜಾರದಲ್ಲಿ, ಅಂಗಳದಲ್ಲಿ ಸಾಲು ಸಾಲಾಗಿ ಎಲೆ. ಆಗತಾನೆ ಮುದ್ದೆ ಬಿದ್ದಿತ್ತು. ಕೊನೆಯ ಸಾಲಿನಲ್ಲಿ ಬೋರಲಿಂಗ ಮೂಳೆ ಹೀರುತ್ತ ಕೂತಿದ್ದ. ನನ್ನ ಮುಖ ಕಂಡು ಅವನ ಕೈ ಬಾಯಿಯ ಹತ್ತಿರವೇ ನಿಂತಿತು.

"ಯಾಕಕ್ಕ? ಹಿಂದ್ಲೋರು ಇದ್ದಾರಲ್ಲ," ಎಂದ. ಎಂದವನು ಕಣ್ಣು ಸರಿಸಿದ. ಅದೇ ಸಾಲಿನ ಆ ತುದಿಯಲ್ಲಿ ಸಿದ್ದನಂಜ ಎದ್ದು ನಿಂತಿದ್ದ.

"ನೀನ್ಯಾಕ್ಲಾ ಇಲ್ಲಿದೀಯ?" ಎಂದ ಬೋರಲಿಂಗ.

"ನೀನ್ಯಾಕಿದೀಯೋ ಅದಕ್ಕೇ," ಎಂದ ಸಿದ್ದನಂಜ.

ಹತ್ತು ಜನರೂ ಎಂಜಲು ಕೈಯಲ್ಲೇ ಬೀದಿಗೆ ಓಡಿದರು. ಅವರು ಹೊರಗೆ ಹೋದದ್ದರಿಂದ ನನಗೆ ಸಿಕ್ಕಿದ್ದು ಹತ್ತು ಬೆರಳು. ಕಂಬಕ್ಕೆ ತಬ್ಬಿ ಹತ್ತಲು ಹೋಗಿ ಒಬ್ಬೊಬ್ಬರೂ ಜಾರಿ ಬಿದ್ದರು. ನಮ್ಮೂರಿನಲ್ಲಿ ಉದ್ದದ ಏಣಿ ಯಾರೂ ಇಟ್ಟುಕೊಳ್ಳುವುದಿಲ್ಲ; ಆನಿಸಿದ ಮನೆ ಅಲ್ಲೇ ನಿಲ್ಲದಿದ್ದರೆ ಏಣಿಯಿಂದ ಏನು ಪ್ರಯೋಜನ? ಒಬ್ಬ ಗುಡ್ಡೆಯಿಂದ ಗುಂಡುಕಲ್ಲು ತೆಗೆದು ಜಗಲಿಗೆ ಎಸೆದ. ಕಲ್ಲು ಹೆಂಚಿಗೆ ಬಡಿದು ಒಳಗೆ ಬಿತ್ತು. ಹೊಂಬಾಳೆ ಕಿರುಚಿದಳು. "ಕಲ್ಲು ಬುಡ್ರೋ, ಕೊಂದುಬುಟ್ಟೀರಿ!" ಎಂದು ತೊಳಸಮ್ಮ ಬೈದದ್ದು ನನಗೆ ದೊಡ್ಡ ಮನೆಯ ಬಾಗಿಲಿಗೂ ಕೇಳಿಸಿತು.

ಚನ್ನಿಗರಾಯರು ನನ್ನನ್ನು ಚಪ್ಪರದ ಮೂಲೆಗೆ ಕರೆದರು. ಅವರಿಗೆ ವಿಷಯ ತಿಳಿದಿತ್ತು, ಮುಖದಲ್ಲಿ ಬೆವರಿತ್ತು.

"ದೇವೀರಿ, ಇನ್ನೊಂದು ಗಳಿಗೆ. ಅನ್ನ ಸಾರು ಮುಗೀಲಿ, ಎಲ್ಲಾರನ್ನೂ ಹೊರಗೆ ಕಳಿಸ್ತೀನಿ."

"ಗಳಿಗೇಲಿ ಹನ್ನೊಂದು ಮೊಳ ಏರಿರ್ತದೆ ಯಜಮಾನ್ರೇ. ಇಳಿಯೋಕೆ ಮತ್ತೆ ಅಷ್ಟೇ ಹೊತ್ತು. ಅವಳು ಅಲ್ಲಿತನಕ ತಡೆಯಾಕಿಲ್ಲ."

"ಮುದ್ದೆ ಮುರಿದು ಕೈಯಲ್ಲಿ ಹಿಡಿದವ್ರೆ. ಬೀಗರನ್ನ ಎಲೆ ಮೇಲಿಂದ ಎಬ್ಬಿಸು ಅಂತೀಯಲ್ಲ! ಎಬ್ಬಿಸಿದ್ರೆ ಆ ಹುಡುಗಿ ನಮ್ಮನೇಲಿ ಹೆಂಗೆ ಬಾಳ್ತಾಳೆ? ಅವರಪ್ಪ ಇವತ್ತೇ ಕರ್ಕಂಡು ಹೋಗ್ತಾನೆ." ಅವರು ಹೆಗಲ ವಸ್ತ್ರದಲ್ಲಿ ಬೆವರು ಒರೆಸಿಕೊಂಡರು. "ನನಗೂ ಮಕ್ಕಳವ್ರೆ ದೇವೀರಿ. ನಾನೇನು ಮಾಡ್ಲಿ ಹೇಳು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಉಣ್ಣುವವರನ್ನು ಎಲೆಯಿಂದ ಎಬ್ಬಿಸಿದ ಮನೆಯ ಜೊತೆ ಯಾವ ಊರಿನವರೂ ಸಂಬಂಧ ಉಳಿಸಿಕೊಳ್ಳುವುದಿಲ್ಲ. ನಾನೇ ಬೀಗಿತ್ತಿಯಾಗಿ ಕೂತಿದ್ದರೂ ಮುನಿಯುತ್ತಿದ್ದೆ. ಅಲ್ಲಿ ನಿಂತು ಅತ್ತರೆ ಆಗುವುದೇನೂ ಇರಲಿಲ್ಲ. ಕಣ್ಣೆದುರು ಸಾಲುಗಳನ್ನು ನೋಡಿದೆ. ಬಾಳೆ ಎಲೆಯಲ್ಲ, ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಲೆ. ಗಟ್ಟಿ ಎಲೆ. ಎರಡು ಕೈಯಲ್ಲಿ ಹಿಡಿದರೆ ಮುದ್ದೆ ನಿಲ್ಲುತ್ತದೆ.

ಮೊದಲ ಸಾಲಿನ ಮೊದಲ ಎಲೆಯ ಮುಂದೆ ಮದುಮಗಳ ಅಜ್ಜಿ ಕೂತಿದ್ದಳು. ಮಂಚಮ್ಮ ಎಂದು ಹೆಸರು, ಬಯಲುಸೀಮೆಯ ಹೆಂಗಸು, ಹಣೆಯಗಲ ಕುಂಕುಮ, ಬೋಳು ಬಾಯಿ. ನಾನು ನೇರ ಅವಳ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಅವ್ವಾ, ನನ್ನ ಮಗಳು ಹೆರ್ತಾ ಅವ್ಳೆ."

"ಒಳ್ಳೇದಾಗ್ಲಿ ಕಣಮ್ಮಿ," ಎಂದಳು ಮುದ್ದೆ ನುಂಗಿ.

"ನೀವು ಇಲ್ಲಿ ಕುಂತಿರೋತಂಕ ನಮ್ಮನೆ ಮೇಲಕ್ಕೆ ಏರ್ತದೆ. ಸೂಲಗಿತ್ತಿ ಕೆಳಗೆ ನಿಂತವ್ಳೆ, ಹತ್ತಾಕಾಯ್ತಿಲ್ಲ. ಬಾಗಿಲಲ್ಲಿ ಬಗ್ಗಿ ನೋಡಿ, ಕಾಣ್ತದೆ."

ಅವಳು ಬಗ್ಗಿ ನೋಡಿದಳು. ಬೀದಿಯಾಚೆ ಬೇವಿನ ಮರದ ತಲೆಯ ಹತ್ತಿರ ನನ್ನ ಮನೆ ನಿಂತಿತ್ತು.

"ಅವಳು ಅಲ್ಲವ್ಳಾ?"

"ಹೂಂ."

"ಒಬ್ಬಳೇ?"

"ಒಬ್ಬಳೇ. ಎಲೆ ಬಿಟ್ಟು ಏಳಿ ಅನ್ನಾಕಿಲ್ಲ ನಾನು. ಎಲೆ ಜೊತೇಗೆ ಏಳಿ. ಎಲೆ ಕೈಲಿ ಹಿಡ್ಕಂಡು ಬೀದೀಲಿ ಕುಂತು ಉಣ್ಣಿ. ನಿಮ್ಮ ಎಲೆ ನಿಮ್ಮ ಮುಂದೇ ಇರ್ತದೆ. ಯಾರೂ ನಿಮ್ಮನ್ನ ಎಬ್ಬಿಸಿದಂಗಲ್ಲ."

ಮಂಚಮ್ಮ ನನ್ನ ಮುಖವನ್ನೇ ನೋಡಿದಳು. ಬಡಿಸುವವರು ನಿಂತರು. ಚನ್ನಿಗರಾಯರು ಎರಡು ಹೆಜ್ಜೆ ಮುಂದೆ ಬಂದರು.

"ಎಂಟು ಹೆತ್ತಿವ್ನಿ," ಎಂದಳು ಮಂಚಮ್ಮ. "ಒಂದ್ಸಲಾನೂ ಒಬ್ಬಳೇ ಇರಲಿಲ್ಲ." ಎರಡೂ ಕೈಯಲ್ಲಿ ಎಲೆ ಎತ್ತಿ ಹಿಡಿದಳು. "ಲೇ ತಮ್ಮಯ್ಯ, ನನ್ನ ತೋಳು ಹಿಡಿ, ಏಳಾನ. ಸಾರು ಚೆಲ್ಲಿದ್ರೆ ನಿನ್ನ ಮೇಲೇ ಚೆಲ್ತೀನಿ. ಏಳ್ರೇ ಎಲ್ಲಾರೂ! ಬಿಸಿಲಲ್ಲಿ ಉಂಡರೆ ಯಾರೂ ಸಾಯಾಕಿಲ್ಲ!"

ಮೊದಲ ಸಾಲು ಎದ್ದಿತು. ಇಪ್ಪತ್ನಾಲ್ಕು ಜನ ಎಲೆ ಹಿಡಿದು, ಮೊಣಕೈಯಿಂದ ಸಾರು ಸುರಿಸಿಕೊಂಡು, ಹೆಬ್ಬಾಗಿಲು ದಾಟಿದರು. ಒಂದು ಮೊಳ, ಎಂದುಕೊಂಡೆ. ಎರಡನೆಯ ಸಾಲಿನವರು ಗೊಣಗಿದರು, ಆದರೆ ಹಿರಿಯಳು ಹೋದ ಮೇಲೆ ಕೂರುವುದು ಹೇಗೆ? ಎರಡು. ಮೂರನೆಯ ಸಾಲಿನಲ್ಲಿ ಒಬ್ಬ ಮೀಸೆಯವನು, "ಇದೇನು ನಾಯಿಗಳ ಥರ ಬೀದೀಲಿ ತಿನ್ನೋದು?" ಎಂದ. "ನೀನು ಹುಟ್ಟಿದ ದಿನ ನಿಮ್ಮಪ್ಪ ಎಲ್ಲಿ ನಿಂತು ತಿಂದ ಅಂತ ಕೇಳು ಹೋಗು," ಎಂದು ಹೊರಗಿಂದ ಮಂಚಮ್ಮನ ದನಿ ಬಂತು. ಜನ ನಕ್ಕರು. ಅವನೂ ಎದ್ದ. ನಾನು ನಗಲಿಲ್ಲ, ಎಣಿಸುತ್ತಿದ್ದೆ. ಹತ್ತನೆಯ ಸಾಲಿನ ಕೊನೆಯವನು ಹೊಸಿಲು ದಾಟುವ ತನಕ ಎಣಿಸಿ ಆಮೇಲೆ ಓಡಿದೆ.

ಮನೆ ಒಂಬತ್ತು ಮೊಳದ ಹತ್ತಿರ ನಿಂತಿತ್ತು. ನಿಂತಿದೆಯೋ ಇಳಿಯುತ್ತಿದೆಯೋ ಕಣ್ಣಿಗೆ ಗೊತ್ತಾಗಲಿಲ್ಲ. ಬೋರಲಿಂಗ ಕಂಬಕ್ಕೆ ಕಡ್ಡಿಯಲ್ಲಿ ಒಂದು ಗೀರು ಹಾಕಿ ಅದನ್ನೇ ನೋಡುತ್ತ ಕೂತಿದ್ದ. ಗೀರು ಬಾವಿಯ ದಂಡೆಯಿಂದ ಒಂದು ಗೇಣು ಮೇಲಿತ್ತು. ನೋಡುತ್ತಿದ್ದಂತೆ ಅದು ನಾಲ್ಕು ಬೆರಳಾಯಿತು. "ಇಳೀತದೆ ಅಕ್ಕ, ಇಳೀತದೆ," ಎಂದ. ಅವನು ಅಳುತ್ತಿದ್ದ.

ಎಣ್ಣೆಗೆ ಅವಸರವೆಂಬುದು ಗೊತ್ತಿಲ್ಲ. ಇನ್ನೂರ ನಲವತ್ತು ಜನ ಹೊರಗೆ ಬಂದರೂ ಅದು ತನ್ನ ನಡಿಗೆಯಲ್ಲೇ ಹರಿಯಿತು. ಎಂಟು ಮೊಳ. ಏಳು. ಬೀದಿಯುದ್ದಕ್ಕೂ ಬೀಗರು ಎಲೆ ಮುಂದಿಟ್ಟುಕೊಂಡು ಕೂತಿದ್ದರು, ಆದರೆ ಉಣ್ಣುವವರು ಕಡಿಮೆ. ಎಲ್ಲರ ಕಣ್ಣೂ ಮೇಲೆ. ತೊಳಸಮ್ಮ ಕೂಗಿ ಕೂಗಿ ದನಿ ಕೆಟ್ಟಿತ್ತು. ಅವಳು ಪಿಸುಗುಟ್ಟಿದ್ದನ್ನು ನಾನು ಕೂಗಿ ಹೇಳುತ್ತಿದ್ದೆ. "ತಲೆ ಸಿಕ್ತದಾ ನೋಡು ಮಗಾ! ಕೈಯಿಟ್ಟು ನೋಡು!"

"ಸಿಕ್ತದೆ," ಎಂದಳು ಹೊಂಬಾಳೆ. ಆಮೇಲೆ ಒಂದು ಕೂಗು. ಆಮೇಲೆ ಏನೂ ಇಲ್ಲ.

ಆರು ಮೊಳ. ನಾನು ಕರೆದೆ. ಉತ್ತರ ಬರಲಿಲ್ಲ. ಐದು ಮೊಳ. ನೂಲೇಣಿಯ ಕೊನೆಯ ಮೆಟ್ಟಿಲು ಎತ್ತರದ ಆಳಿನ ಎದೆಮಟ್ಟಕ್ಕೆ ಬಂತು. ಬೋರಲಿಂಗ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ. ತೊಳಸಮ್ಮ ಅವನ ಭುಜದ ಮೇಲೆ ಕಾಲಿಟ್ಟಳು. ಅವನು ಎದ್ದು ನಿಂತ. ಮಂಡಿನೋವಿನ ಮುದುಕಿ ನೂಲೇಣಿಯನ್ನು ಹೇಗೆ ಹತ್ತಿದಳೋ, ಅವಳನ್ನು ಕೇಳಿದರೆ ಈಗಲೂ ತನಗೆ ನೆನಪಿಲ್ಲ ಎನ್ನುತ್ತಾಳೆ. ಅವಳ ಹಿಂದೆಯೇ ನಾನು.

ಮಗು ನೆಲದ ಮೇಲೆ ಇತ್ತು. ಹೊಂಬಾಳೆ ಕಂಬಕ್ಕೆ ಒರಗಿ, ಕಣ್ಣು ತೆರೆದು, ಅದನ್ನು ಮುಟ್ಟಲು ಹೆದರಿ ಕೂತಿದ್ದಳು. ಮಗುವಿನ ಕತ್ತಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಮೈ ನೇರಳೆ ಹಣ್ಣಿನ ಬಣ್ಣ. ತೊಳಸಮ್ಮ ಏನೂ ಹೇಳದೆ ಬೆರಳು ತೂರಿಸಿ ಒಂದು ಸುತ್ತು ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಬಾಯೊಳಗಿನದನ್ನು ಬೆರಳಿಂದ ತೆಗೆದಳು, ಕಾಲು ಹಿಡಿದು ಎತ್ತಿ ಬೆನ್ನಿಗೆ ತಟ್ಟಿದಳು. ಮೂರು ಸಲ ತಟ್ಟಿದಳು. ನಾನು ಮನೆ ಎಷ್ಟು ಮೊಳದಲ್ಲಿದೆ ಎಂಬುದನ್ನು ಮರೆತೆ. ಮಗು ಕೆಮ್ಮಿತು. ಆಮೇಲೆ ಅತ್ತಿತು.

ಬೀದಿಯಲ್ಲಿ ಗದ್ದಲವೆದ್ದಿತು. ಮಂಚಮ್ಮ ಕೂಗಿ ಕೇಳಿದಳು: "ಏನಮ್ಮಿ ಮಗು?"

"ಹೆಣ್ಣು!" ಎಂದೆ.

"ಸರಿ, ಇನ್ನಾದರೂ ಅನ್ನ ಬಡಿಸ್ರಪ್ಪ!" ಎಂದಳು.

ಊಟ ಬೀದಿಯಲ್ಲೇ ಮುಗಿಯಿತು. ಅರ್ಧ ಸಾರು ಮಣ್ಣುಪಾಲು. ಅಷ್ಟು ಜನರಲ್ಲಿ ಮಂಚಮ್ಮನಂಥವರು ಕೆಲವರು ಮಾತ್ರ. ಉಳಿದವರು ತಮ್ಮೂರಿಗೆ ಹೋಗಿ, ಧೂಳಲ್ಲಿ ಕೂರಿಸಿ ಉಣ್ಣಿಸಿದರು ಎಂದೇ ಹೇಳಿಕೊಂಡರು. ಮದುಮಗಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ, ಅವಳು ಇಲ್ಲಿಯೇ ಬಾಳಿದಳು. ಆದರೆ ಚನ್ನಿಗರಾಯರಿಗೆ ಆ ಮಾತು ಮುಳ್ಳಿನಂತೆ ಉಳಿಯಿತು. ತಿಂಗಳ ಮೇಲೆ ನನ್ನ ಜಗಲಿಗೆ ಬಂದು, ಮನೆ ಇಳಿಯುವ ತನಕ ಸುಮ್ಮನೆ ಕೂತರು. ಮಗುವನ್ನು ನೋಡಿದರು, ಕೈಗೆ ಬೆಳ್ಳಿ ಕಡಗ ಹಾಕಿದರು.

"ನೀನು ಮಾಡಿದ್ದು ಸರಿ ದೇವೀರಿ," ಎಂದರು. "ತಪ್ಪು ನಂದು. ಆದ್ರೆ ಇನ್ನು ಆ ಮನೇಲಿ ನಾಲ್ಕು ಜನಕ್ಕೆ ಎಲೆ ಹಾಕಿದ್ರೂ ಈ ಕೂಸಿನ ನೆಪ್ಪಾಗ್ತದೆ. ಕೊಳವೆ ಮುಚ್ಚಿಸಿಬಿಡ್ತೀನಿ. ನಿನ್ನ ಮನೆ ನಿನಗೆ, ನನ್ನ ಮನೆ ನನಗೆ."

"ನಿಮ್ಮಿಷ್ಟ ಯಜಮಾನ್ರೇ," ಎಂದೆ. ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ. ಹೊಂಬಾಳೆ ಆ ದಿನದ ನಂತರ ಮನೆ ಒಂದು ಬೆರಳು ಜರುಗಿದರೂ ಮಗುವನ್ನು ಎತ್ತಿಕೊಂಡು ಬೀದಿಗೆ ಓಡುತ್ತಿದ್ದಳು.

ಎರಡು ಬಾವಿಗಳ ನಡುವಿನ ಕೊಳವೆಗೆ ಗಾರೆ ಸುರಿದು ಮುಚ್ಚಿದರು. ಅವರ ಮನೆ ಅವರ ಬಾವಿಯಲ್ಲಿ, ನನ್ನದು ನನ್ನ ಬಾವಿಯಲ್ಲಿ ನಿಂತಲ್ಲೇ ನಿಂತವು. ಹೊಸಿಲು ಬೀದಿಯ ಮಟ್ಟಕ್ಕಿದೆ, ಯಾರು ಬಂದರೂ ಹೋದರೂ ಅಲ್ಲೇ ಇರುತ್ತದೆ. ಗುಂಡುಕಲ್ಲುಗಳನ್ನು ಹಿತ್ತಲ ಬೇಲಿಗೆ ಹಾಕಿದ್ದೇನೆ. ಇಂಥ ನೆಲ ಊರಿನಲ್ಲಿ ಎರಡೇ ಮನೆಗಿದೆ.

ನನಗೆ ಸಿಕ್ಕಿದ್ದು ಒಬ್ಬ ಮೊಮ್ಮಗಳು. ಈಗ ಅವಳಿಗೆ ನಾಲ್ಕು ವರ್ಷ. ಹೋದದ್ದು ವರ್ಷಕ್ಕೆ ನಾಲ್ಕು ಪಲ್ಲ ರಾಗಿ. ಅದಕ್ಕೆ ಬದಲಾಗಿ ಕೂಲಿಗೆ ಹೋಗುತ್ತೇನೆ, ನಡೆಯುತ್ತದೆ. ಇನ್ನೊಂದೂ ಹೋಯಿತು, ಅದನ್ನು ನಾನು ಆಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಮಾಘದಲ್ಲಿ ಚನ್ನಿಗರಾಯರು ತೀರಿಕೊಂಡರು. ಬೆಳಗಿನ ಜಾವವೇ ಸದ್ದಿಲ್ಲದೆ ಮಸಣಕ್ಕೆ ಹೊತ್ತುಕೊಂಡು ಹೋದರಂತೆ. ನಾನು ಬೀದಿಯ ಈಚೆ ನನ್ನ ಮನೆಯಲ್ಲಿ ನಿದ್ದೆ ಮಾಡುತ್ತಿದ್ದೆ, ಬೆನ್ನಿಗೆ ಏನೂ ಗೊತ್ತಾಗಲಿಲ್ಲ. ನನಗೆ ತಿಳಿದದ್ದು ಮಧ್ಯಾಹ್ನ, ಬೋರಲಿಂಗ ಬಂದು ಹೇಳಿದಾಗ.